ನಮ್ಮ ಜಿಲ್ಲೆಯದು ಏನೂ ಸಿಗುವುದಿಲ್ಲ ಎನ್ನುವ ಮೊದಲು

ವಿಜಯಪುರದಲ್ಲಿ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ

ವಿದ್ಯಾರ್ಥಿ ಮಿತ್ರರೆ,

ಕಿರುಪ್ರಬಂಧಕ್ಕೆ ವಿಷಯ ಗೊತ್ತುಮಾಡುವ ಹೊತ್ತು ಬಂತೆಂದರೆ ಎಲ್ಲ ವಿಭಾಗಗಳಲ್ಲೂ ಒಂದು ಮಾತು ಕೇಳಿಬರುತ್ತದೆ: "ಸರ್, ನಮ್ಮ ಜಿಲ್ಲೆದ್ದು ಏನೂ ಸಿಗೂದಿಲ್ರೀ." ಗೂಗಲ್‌ನಲ್ಲಿ ಒಂದು ಸಾಲು ಹೊಡೆದು ಮೊದಲ ಪುಟ ನೋಡಿದ ಮೇಲೆ ಬರುವ ಮಾತಿದು. ಆಮೇಲೆ ವಿಷಯವೇ ಬದಲಾಗುತ್ತದೆ. ಇಳಕಲ್ಲಿನ ನೇಕಾರರ ಮೇಲೆ ಬರೆಯಬೇಕೆಂದಿದ್ದವರು 'ಭಾರತದ ಕೈಮಗ್ಗ ಉದ್ಯಮ: ಸಮಸ್ಯೆಗಳು ಮತ್ತು ಪರಿಹಾರಗಳು' ಎಂದು ಶೀರ್ಷಿಕೆ ಹಾಕಿ, ಎಲ್ಲರೂ ಬರೆದದ್ದನ್ನೇ ಮತ್ತೆ ಬರೆಯುತ್ತಾರೆ. ಇದು ದೊಡ್ಡ ನಷ್ಟ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಈ ಮೂರು ಜಿಲ್ಲೆಗಳ ಮೇಲೆ ಸಾಮಗ್ರಿ ಬೇಕಾದಷ್ಟಿದೆ. ನಾವು ಟೈಪ್ ಮಾಡುವ ಹೆಸರಿನಲ್ಲಿ, ನಾವು ನೋಡುವ ಜಾಗದಲ್ಲಿ ಅದು ಇಲ್ಲ, ಅಷ್ಟೇ. ಇವತ್ತು ಆ ಹೆಸರುಗಳು ಯಾವುವು, ಆ ಜಾಗಗಳು ಯಾವುವು ಎಂದು ನೋಡೋಣ.

ಮೊದಲು ಊರ ಹೆಸರು. ಇಂಗ್ಲಿಷಿನಲ್ಲಿ ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಅಧಿಕೃತವಾದದ್ದು 2014ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ವರದಿ, ಪ್ರಬಂಧ, ಜನಗಣತಿ ಎಲ್ಲದರಲ್ಲೂ ಬೆಲ್ಗಾಮ್ ಮತ್ತು ಬಿಜಾಪುರ ಎಂದೇ ಇದೆ. ಅನಂತರದ ದಾಖಲೆಗಳೂ ಪೂರ್ತಿ ಬದಲಾಗಿಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪತ್ರಿಕೆಗಳು ಹಳೆಯ ಹೆಸರಿನಲ್ಲೇ ಇವೆ. ಬಾಗಲಕೋಟೆಯ ಇಂಗ್ಲಿಷ್ ಕಾಗುಣಿತ ಕೊನೆಯ 'ಇ' ಅಕ್ಷರ ಇದ್ದೂ ಇರುತ್ತದೆ, ಇಲ್ಲದೆಯೂ ಇರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಬೇಕು. ಇನ್ನೊಂದು ತೊಡಕೆಂದರೆ ಛತ್ತೀಸಗಢದಲ್ಲೂ ಬಿಜಾಪುರ ಎಂಬ ಜಿಲ್ಲೆ ಇದೆ. ಬರೀ ಬಿಜಾಪುರ ಎಂದು ಹುಡುಕಿದರೆ ಅಲ್ಲಿಯ ಸುದ್ದಿಗಳೇ ಮೇಲೆ ಬರುತ್ತವೆ. ಹುಡುಕುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು, ಮೈನಸ್ ಗುರುತು ಹಾಕಿ, ಅದಕ್ಕೆ ಅಂಟಿಸಿ ಛತ್ತೀಸಗಢ ಎಂದು ಬರೆಯಿರಿ. ಆ ಪದ ಇರುವ ಪುಟಗಳು ಹೋಗುತ್ತವೆ. ಮೈನಸ್ ಮತ್ತು ಪದದ ನಡುವೆ ಜಾಗ ಬಿಟ್ಟರೆ ಕೆಲಸ ಮಾಡದು.

ಹಳೆಯ ಕಾಲಕ್ಕೆ ಹೋದಷ್ಟೂ ಹೆಸರಿನ ಜತೆ ಗಡಿಯೂ ಬದಲಾಗುತ್ತದೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚಿನ ಬಾದಾಮಿ, ಜಮಖಂಡಿ, ಹುನಗುಂದ, ಮುಧೋಳದ ಸಾಮಗ್ರಿ ಬೇಕಾದರೆ ಬಿಜಾಪುರ ಜಿಲ್ಲೆಯ ಹೆಸರಿನಲ್ಲಿ ನೋಡಬೇಕು. ಇನ್ನೂ ಹಿಂದೆ, 1885ರ ಮೊದಲು, ಜಿಲ್ಲಾ ಕೇಂದ್ರ ಇದ್ದದ್ದು ಕಲಾದಗಿಯಲ್ಲಿ. 1956ರವರೆಗೆ ಇದೆಲ್ಲ ಮುಂಬಯಿ ಆಡಳಿತದ ಭಾಗ; ಜಮಖಂಡಿ, ಮುಧೋಳ ಮಾತ್ರ 1948ರವರೆಗೆ ಪ್ರತ್ಯೇಕ ಸಂಸ್ಥಾನಗಳು. ಆ ಕಾಲದ ಕಾಗದಗಳನ್ನು ಮೈಸೂರು ರಾಜ್ಯದ ದಾಖಲೆಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಮುಂಬಯಿ ಪ್ರೆಸಿಡೆನ್ಸಿಯ ಗ್ಯಾಸೆಟಿಯರ್‌ಗಳಲ್ಲಿ 21ನೆಯ ಸಂಪುಟ ಬೆಳಗಾವಿಯದು, 23ನೆಯದು ಬಿಜಾಪುರದ್ದು. ಎರಡೂ 1884ರವು, ಹಳೆಯ ಪುಸ್ತಕಗಳ ಜಾಲತಾಣವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಬೆಳೆ, ಬರ, ಪೇಟೆ, ಕಸುಬು ಎಲ್ಲದರ ವಿವರ ಅದರಲ್ಲಿದೆ. ಜಾತಿಗಳ ಬಗ್ಗೆ ಅದರಲ್ಲಿರುವ ಅಭಿಪ್ರಾಯಗಳನ್ನು ಮಾತ್ರ ಸಂಗತಿ ಎಂದು ಎತ್ತಿಕೊಳ್ಳಬೇಡಿ. ಅವು ಅಂದಿನ ಅಧಿಕಾರಿಗಳ ಕಣ್ಣಿನಲ್ಲಿ ಕಂಡದ್ದು, ಹಾಗೆಂದೇ ಉಲ್ಲೇಖಿಸಿ.

ಈಗ ಇಳಕಲ್ಲಿನ ವಿಷಯವನ್ನೇ ಹಿಡಿದು ಹೊರಡೋಣ. ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಮೂರು ಸಾಲು ಮಾಡಿ. ಒಂದರಲ್ಲಿ ಜಾಗ: ಇಳಕಲ್, ಅದರ ಇಂಗ್ಲಿಷ್ ಕಾಗುಣಿತದ ಎರಡು-ಮೂರು ರೂಪ, ಹುನಗುಂದ, ಬಾಗಲಕೋಟ್, ಬಿಜಾಪುರ. ಇಳಕಲ್ ತಾಲೂಕಾದದ್ದು ಇತ್ತೀಚೆಗೆ, ಮೊದಲು ಹುನಗುಂದದಲ್ಲಿತ್ತು. ಆದ್ದರಿಂದ ಹುನಗುಂದವನ್ನು ಮರೆಯುವಂತಿಲ್ಲ. ಎರಡನೆಯ ಸಾಲಿನಲ್ಲಿ ವಸ್ತು: ಸೀರೆ, ಕೈಮಗ್ಗ, ವಿದ್ಯುತ್ ಮಗ್ಗ, ನೇಕಾರರು, ರೇಷ್ಮೆ ಸೆರಗು. ಮೂರನೆಯದರಲ್ಲಿ ನಿಮ್ಮ ಪ್ರಶ್ನೆ: ಕೂಲಿ, ಸಾಲ, ಸಹಕಾರ ಸಂಘ, ವಲಸೆ, ಹೆಣ್ಣುಮಕ್ಕಳ ದುಡಿಮೆ. ಪ್ರತಿ ಸಲವೂ ಒಂದೊಂದು ಸಾಲಿನಿಂದ ಒಂದೊಂದು ಪದ ತೆಗೆದು ಕೂಡಿಸಿ ಹುಡುಕಿ. 'ಇಳಕಲ್ ಸೀರೆ ನೇಕಾರರ ಸಾಮಾಜಿಕ ಆರ್ಥಿಕ ಸ್ಥಿತಿಗತಿಯ ಅಧ್ಯಯನ' ಎಂದು ಪೂರ್ತಿ ಶೀರ್ಷಿಕೆಯನ್ನೇ ಹಾಕಿದರೆ 'ಅಧ್ಯಯನ', 'ಸ್ಥಿತಿಗತಿ' ಎಂಬ ಪದಗಳಿಗೆ ಹೊಂದುವ ಬೇರೆ ಊರಿನ ಪುಟಗಳು ಬರುತ್ತವೆ; ನಮಗೆ ಬೇಕಾದ ಪುಟ ಕೆಳಗೆ ಹೋಗುತ್ತದೆ. ಎರಡು ಪದಗಳು ಜತೆಯಾಗಿಯೇ ಬರಬೇಕಿದ್ದರೆ ಅವೆರಡನ್ನೂ ಉದ್ಧರಣ ಚಿಹ್ನೆಯೊಳಗೆ ಇಡಿ. ಸರಕಾರಿ ಜಾಲತಾಣಗಳಲ್ಲಿ ಮಾತ್ರ ಹುಡುಕಬೇಕಿದ್ದರೆ ಇಂಗ್ಲಿಷಿನಲ್ಲಿ 'ಸೈಟ್' ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ 'ಗವ್ ಡಾಟ್ ಇನ್' ಸೇರಿಸಿ.

ಇಳಕಲ್ ಸೀರೆಯ ಬಗ್ಗೆ ವಿದ್ಯಾರ್ಥಿಗಳು ಬಹುತೇಕ ತೆರೆದೇ ನೋಡದ ಆಕರವೊಂದಿದೆ. ಈ ಸೀರೆಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಇದೆ. ಜಿಐ ನೋಂದಣಿ ಕಚೇರಿ ಚೆನ್ನೈನಲ್ಲಿದೆ. ಅದು ಹೊರಡಿಸುವ ಜರ್ನಲ್‌ಗಳು ಅದರ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತಿವೆ. ಅರ್ಜಿಯಲ್ಲಿ ವಸ್ತುವಿನ ವರ್ಣನೆ, ತಯಾರಿಸುವ ಕ್ರಮ, ಉತ್ಪಾದನೆಯ ಪ್ರದೇಶ, ಈ ಮಣ್ಣಿನದೇ ಎಂಬುದಕ್ಕೆ ಐತಿಹಾಸಿಕ ಪುರಾವೆ, ಇಷ್ಟನ್ನೂ ಕೊಡಲೇಬೇಕು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವ ಇಳಕಲ್ಲಿನ ವಿಶೇಷ ಕ್ರಮಕ್ಕೆ ಅಂತರ್ಜಾಲದ ಹತ್ತು ಲೇಖನಗಳಿಗಿಂತ ಇಂಥ ದಾಖಲೆ ಗಟ್ಟಿ ಆಧಾರ. ನೇಕಾರರ ಸಂಖ್ಯೆಗೆ ಅಖಿಲ ಭಾರತ ಕೈಮಗ್ಗ ಗಣತಿ ಇದೆ: ಮೂರನೆಯದು 2009-10ರದು, ನಾಲ್ಕನೆಯದು 2019-20ರದು. ತಾಲೂಕು ಮಟ್ಟದ ಅಂಕಿ ಬೇಕಾದರೆ ಕೈಮಗ್ಗ ಮತ್ತು ಜವಳಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಉತ್ತರಕ್ಕೆ ಮೂವತ್ತು ದಿನದ ಗಡುವಿದೆ, ಆದ್ದರಿಂದ ಈ ಅರ್ಜಿ ಪ್ರಬಂಧದ ಕೊನೆಯ ತಿಂಗಳಿನ ಕೆಲಸವಲ್ಲ, ಮೊದಲ ವಾರದ್ದು.

ಗೂಗಲ್ ಸ್ಕಾಲರ್ ಬಳಸುವವರು ಅನೇಕರಿದ್ದೀರಿ, ಆದರೆ ಬರೀ ಪಟ್ಟಿ ನೋಡಿ ಮುಚ್ಚುತ್ತೀರಿ. ಪ್ರತಿ ಫಲಿತಾಂಶದ ಕೆಳಗೆ ಸಣ್ಣ ಅಕ್ಷರದಲ್ಲಿ 'ಸೈಟೆಡ್ ಬೈ' ಎಂದಿರುತ್ತದೆ. ಹಿಡಿಯಬೇಕಾದ ದಾರಿ ಅದು. ನಿಮ್ಮ ವಿಷಯಕ್ಕೆ ಹತ್ತಿರದ ಒಂದೇ ಒಂದು ಒಳ್ಳೆಯ ಲೇಖನ ಸಿಕ್ಕರೆ ಸಾಕು: ಅದರ ಆಕರ ಪಟ್ಟಿ ನಿಮ್ಮನ್ನು ಹಿಂದಿನ ಬರಹಗಳಿಗೆ ಒಯ್ಯುತ್ತದೆ, 'ಸೈಟೆಡ್ ಬೈ' ಮುಂದಿನ ಬರಹಗಳಿಗೆ. ಅದರ ಪಕ್ಕದ 'ಆಲ್ ವರ್ಷನ್ಸ್' ಒತ್ತಿದರೆ, ಒಂದು ಕಡೆ ದುಡ್ಡು ಕೇಳುವ ಲೇಖನ ಇನ್ನೊಂದು ಕಡೆ ಉಚಿತವಾಗಿ ಇದ್ದರೆ ಕಾಣುತ್ತದೆ. ಲೇಖಕರ ಹೆಸರಿನಿಂದ ಹುಡುಕುವಾಗ ನಮ್ಮ ಭಾಗಕ್ಕೆ ವಿಶೇಷ ಎಚ್ಚರ ಬೇಕು. ಪಾಟೀಲ, ಕುಲಕರ್ಣಿ, ಬಿರಾದಾರ ಎಂದು ಹಾಕಿದರೆ ವೈದ್ಯರಿಂದ ಹಿಡಿದು ಲೋಹಶಾಸ್ತ್ರಜ್ಞರವರೆಗೆ ಎಲ್ಲರೂ ಬರುತ್ತಾರೆ. ಇನಿಷಿಯಲ್, ವಿಷಯದ ಒಂದು ಪದ, ಸಾಧ್ಯವಾದರೆ ಓರ್ಕಿಡ್ ಸಂಖ್ಯೆ ಜತೆಗಿರಲಿ. ಓರ್ಕಿಡ್ ಎಂದರೆ ಸಂಶೋಧಕರಿಗೆ ಕೊಡುವ 16 ಅಂಕಿಗಳ ಗುರುತು. ನೀವೂ ಪುಕ್ಕಟೆಯಾಗಿ ಪಡೆಯಬಹುದು.

ಪಿಎಚ್‌ಡಿ ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದರಷ್ಟು ಉಪಯೋಗದ ಜಾಗ ನಿಮಗೆ ಇನ್ನೊಂದಿಲ್ಲ. ಅದನ್ನು ತಪ್ಪಾಗಿ ಬಳಸಿ ಕೈಚೆಲ್ಲುವವರೇ ಹೆಚ್ಚು. ಯುಜಿಸಿಯ 2009ರ ನಿಯಮದ ನಂತರ ಪಿಎಚ್‌ಡಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಕೊಡಬೇಕಾಗಿ ಬಂತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ಈಗ ಐದು ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ. ಕನ್ನಡದ ಪ್ರಬಂಧವನ್ನು ಕನ್ನಡದಲ್ಲಿ ಹುಡುಕಿದರೆ ಎಷ್ಟೋ ಸಲ ಬರುವುದಿಲ್ಲ. ಕಾರಣ, ಶೀರ್ಷಿಕೆಯನ್ನು ನಮೂದಿಸಿದವರು ಒಮ್ಮೆ ಇಂಗ್ಲಿಷಿಗೆ ಅನುವಾದಿಸಿರುತ್ತಾರೆ, ಒಮ್ಮೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ತಮಗೆ ತೋಚಿದಂತೆ ಬರೆದಿರುತ್ತಾರೆ. ಹಾಗಾಗಿ ಹುಡುಕುವ ಪೆಟ್ಟಿಗೆಯನ್ನು ಬಿಟ್ಟು, ವಿಶ್ವವಿದ್ಯಾಲಯಗಳ ಪಟ್ಟಿ ತೆರೆದು, ಒಳಗೆ ವಿಭಾಗಕ್ಕೆ ಹೋಗಿ, ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಇಲ್ಲಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಈ ಮೂರನ್ನು ಮೊದಲು ನೋಡಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾದದ್ದು 2010ರಲ್ಲಿ. ಅದಕ್ಕೆ ಹಿಂದೆ ಈ ಭಾಗದವರು ಸಲ್ಲಿಸಿದ ಪ್ರಬಂಧಗಳು ಹೆಚ್ಚಾಗಿ ಧಾರವಾಡದ ಹೆಸರಿನಲ್ಲಿರುತ್ತವೆ. ದ್ರಾಕ್ಷಿ, ದಾಳಿಂಬೆ, ಜೋಳದ ಮೇಲೆ ಬರೆಯುವವರು ಶೋಧಗಂಗಾಕ್ಕಿಂತ ಮೊದಲು ಕೃಷಿಕೋಶ ನೋಡಬೇಕು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ಅದೇ ಸರಿಯಾದ ಜಾಗ.

ಶೋಧಗಂಗಾದಲ್ಲಿ ಒಂದು ಪ್ರಬಂಧ ತೆರೆದರೆ ಒಂದೇ ಫೈಲ್ ಇರುವುದಿಲ್ಲ. ಶೀರ್ಷಿಕೆ ಪುಟ, ಪ್ರಮಾಣಪತ್ರ, ಪರಿವಿಡಿ, ಒಂದೊಂದು ಅಧ್ಯಾಯ, ಗ್ರಂಥಋಣ ಎಲ್ಲ ಬೇರೆ ಬೇರೆ ಫೈಲು. ಎಲ್ಲವನ್ನೂ ಇಳಿಸಿಕೊಂಡರೆ ಮೊಬೈಲಿನಲ್ಲಿ 'ಚಾಪ್ಟರ್ 3' ಎಂಬ ಹೆಸರಿನ ಆರು ಫೈಲುಗಳಿರುತ್ತವೆ, ಯಾವುದು ಯಾರದೆಂದು ತಿಳಿಯದು. ಇಳಿಸಿದ ಕೂಡಲೇ ಹೆಸರು ಬದಲಿಸಿ: ಲೇಖಕರ ಅಡ್ಡಹೆಸರು, ವರ್ಷ, ಅಧ್ಯಾಯ. ಮೊದಲು ತೆರೆಯಬೇಕಾದದ್ದು ಗ್ರಂಥಋಣದ ಫೈಲು. ಅಲ್ಲಿರುವ ಹೆಸರುಗಳನ್ನು ನೋಡಿದರೆ ಈ ವಿಷಯದಲ್ಲಿ ಯಾರ್ಯಾರು ಕೆಲಸ ಮಾಡಿದ್ದಾರೆ ಎಂಬ ನಕ್ಷೆ ಸಿಗುತ್ತದೆ. ಆಮೇಲೆ ಕೊನೆಯ ಅಧ್ಯಾಯ. ಮುಂದೆ ಯಾವ ಅಧ್ಯಯನ ಆಗಬೇಕು ಎಂದು ಹೆಚ್ಚಿನವರು ಅಲ್ಲಿ ಬರೆದಿರುತ್ತಾರೆ. ನಿಮ್ಮ ಕಿರುಪ್ರಬಂಧದ ವಿಷಯ ಅಲ್ಲೇ ಸಿಗಬಹುದು. ಆ ಪ್ರಬಂಧದಲ್ಲಿ ಇನ್ನೊಬ್ಬರ ಮಾತು ಉಲ್ಲೇಖವಾಗಿದ್ದರೆ ಮೂಲ ಪುಸ್ತಕ ತೆಗೆದು ಪುಟ ಸರಿನೋಡಿ. ಮೂಲ ಸಿಗದಿದ್ದರೆ ಇಂಥವರ ಪ್ರಬಂಧದಲ್ಲಿ ಉಲ್ಲೇಖಿತ ಎಂದು ತೋರಿಸಿ. ಮೂಲವನ್ನೇ ಓದಿದಂತೆ ಬರೆಯುವುದು ಸುಳ್ಳು, ಮೊದಲನೆಯವರು ತಪ್ಪು ಪುಟ ಹಾಕಿದ್ದರೆ ಆ ತಪ್ಪೂ ನಿಮ್ಮದಾಗುತ್ತದೆ.

ದುಡ್ಡು ಕೊಟ್ಟೇ ಓದಬೇಕಾದ ಜರ್ನಲ್‌ಗಳ ವಿಷಯಕ್ಕೆ ಬಂದರೆ, ನಿಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕೇಳಬೇಕಾದ ಪ್ರಶ್ನೆ ಒಂದೇ: ನಮಗೆ ಎನ್-ಲಿಸ್ಟ್ ಇದೆಯೇ, ಒಂದು ರಾಷ್ಟ್ರ ಒಂದು ಚಂದಾ ಇದೆಯೇ? ಎನ್-ಲಿಸ್ಟ್ ಕಾಲೇಜುಗಳಿಗಾಗಿ ಇರುವ ಇನ್‌ಫ್ಲಿಬ್‌ನೆಟ್‌ನ ಯೋಜನೆ. ಕಾಲೇಜು ಸದಸ್ಯನಾಗಿದ್ದರೆ ನಿಮ್ಮ ಹೆಸರಿಗೇ ಲಾಗಿನ್ ಕೊಡುತ್ತಾರೆ, ಮನೆಯಿಂದಲೂ ಓದಬಹುದು. ಎರಡನೆಯದನ್ನು ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿತು, 30 ಪ್ರಕಾಶಕರ ಸುಮಾರು 13 ಸಾವಿರ ಜರ್ನಲ್‌ಗಳು ಅದರಲ್ಲಿವೆ. ಅದು ಸದ್ಯ ಸರಕಾರಿ ಸಂಸ್ಥೆಗಳಿಗೆ. ಅನೇಕ ಕಾಲೇಜುಗಳಲ್ಲಿ ಚಂದಾ ಇರುತ್ತದೆ, ಲಾಗಿನ್ ಕೇಳಿದ ವಿದ್ಯಾರ್ಥಿಗಳೇ ಇರುವುದಿಲ್ಲ. ಕೇಳಿ, ಅದು ನಿಮ್ಮ ಹಕ್ಕು.

ಕನ್ನಡ ಸಾಮಗ್ರಿ. ಇದೇ ಊರಿನಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ ಕೂಡಿಸಿ, ಸ್ವಂತ ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚು ಮಾಡಿದರು. ಇವತ್ತು 'ವಚನ ಸಂಚಯ' ಜಾಲತಾಣದಲ್ಲಿ ಸುಮಾರು ಇಪ್ಪತ್ತು ಸಾವಿರ ವಚನಗಳ ನಡುವೆ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಕೂತಲ್ಲೇ ಹುಡುಕಬಹುದು. 'ಕಾಯಕ' ಎಂದು ಹುಡುಕಿದವರು ಕಾಯಕವ, ಕಾಯಕದ, ಕಾಯಕವೇ ಎಂಬ ರೂಪಗಳನ್ನೂ ಹುಡುಕಬೇಕು. ಕನ್ನಡದಲ್ಲಿ ಪ್ರತ್ಯಯ ಅಂಟಿಕೊಂಡೇ ಬರುತ್ತದೆ. ಪ್ರಬಂಧದಲ್ಲಿ ಬಳಸುವ ವಚನದ ಪಾಠವನ್ನು ಅಚ್ಚಾದ ಸಂಪುಟದೊಂದಿಗೆ ಹೋಲಿಸಿ, ಸಂಪುಟ ಮತ್ತು ವಚನ ಸಂಖ್ಯೆ ಕೊಡಿ. ಪದದ ಅರ್ಥಕ್ಕೆ 'ಅಲರ್' ಎಂಬ ಅಂತರ್ಜಾಲ ನಿಘಂಟು ಮತ್ತು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' ಇವೆ. ಹಳೆಯ ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್, ಖರಗಪುರ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ.

ಆರ್ಕೈವ್‌ನ ಪುಸ್ತಕಗಳು ಬಹುಪಾಲು ಪುಟಗಳ ಚಿತ್ರ. ಅದನ್ನು ಅಕ್ಷರ ಮಾಡಿಕೊಳ್ಳಲು ಬೇಕಾದ ಪುಟಗಳನ್ನಷ್ಟೇ 2 ಎಂಬಿ ಒಳಗಿನ ಪಿಡಿಎಫ್ ಆಗಿ ಬೇರೆ ಮಾಡಿ, ಗೂಗಲ್ ಡ್ರೈವ್‌ಗೆ ಏರಿಸಿ, 'ಓಪನ್ ವಿತ್' ಒತ್ತಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಪುಟ ಓರೆಯಾಗಿದ್ದರೆ, ಎರಡು ಅಂಕಣವಿದ್ದರೆ ಸಾಲುಗಳು ಕಲಸಿಹೋಗುತ್ತವೆ. ಒತ್ತಕ್ಷರಗಳನ್ನು ಒಂದೊಂದಾಗಿ ನೋಡಬೇಕು. ಕಣ್ಣಿಗೆ ಕಾಣದ ತಪ್ಪೊಂದಿದೆ: 'ಸಂಶೋಧನೆ' ಮತ್ತು 'ಸ೦ಶೋಧನೆ'. ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿದೆ. ಓದುವವರಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಪದ, ಹುಡುಕಿದಾಗ ಸಿಗದು. ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸಿ, ಆದರೆ ಎಲ್ಲವನ್ನೂ ಒಂದೇ ಏಟಿಗೆ ಬದಲಿಸಿದರೆ ೧೯೨೦ ಎಂಬಂಥ ಇಸವಿಗಳು ಕೆಡುತ್ತವೆ. ಒಂದೊಂದನ್ನೇ ನೋಡಿ ಬದಲಿಸಿ.

ಅಂಕಿ-ಅಂಶದಲ್ಲಿ ಎರಡು ತಪ್ಪು ಮೇಲಿಂದ ಮೇಲೆ ಕಾಣುತ್ತವೆ. 1991ರ ಗಣತಿಯಲ್ಲಿ ಬಿಜಾಪುರ ಜಿಲ್ಲೆಯ ಜನಸಂಖ್ಯೆ ಸುಮಾರು 29 ಲಕ್ಷ, 2001ರಲ್ಲಿ ಸುಮಾರು 18 ಲಕ್ಷ. ಇದನ್ನು ನೋಡಿ ವಲಸೆಯಿಂದ ಜನ ಕಡಿಮೆಯಾದರು ಎಂದು ಬರೆಯುವುದುಂಟು. ಕಡಿಮೆಯಾದದ್ದು ಜಿಲ್ಲೆಯ ಗಡಿ. ವರ್ಷ ವರ್ಷ ಹೋಲಿಸುವ ಮುಂಚೆ ತಾಲೂಕುಗಳ ಪಟ್ಟಿ ಒಂದೇ ಇದೆಯೇ ನೋಡಿ. ಎರಡನೆಯದು ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪತ್ರಿಕೆಯದು. ಅದರಲ್ಲಿ ಕೆಲವು ಸಂಖ್ಯೆಗಳು ಆವರಣದಲ್ಲಿರುತ್ತವೆ, ಕೆಲವು ಕಡೆ ನಕ್ಷತ್ರ ಚಿಹ್ನೆ ಇರುತ್ತದೆ. ಆವರಣವಿದ್ದರೆ ಆ ಶೇಕಡಾವಾರು ಲೆಕ್ಕ 25ರಿಂದ 49 ಜನರ ಮೇಲೆ ನಿಂತಿದೆ. ನಕ್ಷತ್ರವಿದ್ದರೆ 25ಕ್ಕಿಂತ ಕಡಿಮೆ, ಸಂಖ್ಯೆಯನ್ನೇ ಕೊಟ್ಟಿಲ್ಲ. ಆವರಣ ತೆಗೆದುಹಾಕಿ ಸಂಖ್ಯೆಯನ್ನಷ್ಟೇ ನಕಲು ಮಾಡಿದರೆ ಅಷ್ಟು ಸಣ್ಣ ಮಾದರಿಯ ಮೇಲೆ ಇಡೀ ಜಿಲ್ಲೆಯ ತೀರ್ಮಾನ ಕಟ್ಟಿದಂತಾಗುತ್ತದೆ. ಸರಕಾರಿ ಪುಟಗಳು ಯಾವಾಗ ಬೇಕಾದರೂ ಮಾಯವಾಗುತ್ತವೆ. ಬಳಸಿದ ದಿನವೇ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ, ಆ ಕೊಂಡಿಯನ್ನೂ ಬರೆದಿಟ್ಟುಕೊಳ್ಳಿ.

ಇನ್ನು ಬರವಣಿಗೆ. ಟಿಪ್ಪಣಿ ಮಾಡುವಾಗಲೇ ಮೂರು ಸಂಗತಿ ದಾಖಲಾಗಬೇಕು: ಆಕರ, ಪುಟ, ಮತ್ತು ಈ ಸಾಲು ಅವರ ಮಾತೋ ನನ್ನ ಮಾತೋ. ಮೂರನೆಯದನ್ನು ಬಿಟ್ಟವರೇ ಕೃತಿಚೌರ್ಯದ ಆರೋಪಕ್ಕೆ ಸಿಗುವುದು. ಎರಡು ತಿಂಗಳ ಮೇಲೆ ತಮ್ಮದೇ ವಾಕ್ಯ ಎಂದುಕೊಂಡು ಸೇರಿಸಿಬಿಡುತ್ತಾರೆ. ಯಥಾವತ್ ನಕಲಿಗೆ ಅಲ್ಲೇ ಉದ್ಧರಣ ಚಿಹ್ನೆ ಹಾಕಿ. ಆಕರಗಳನ್ನು ಜೋಡಿಸಲು ಜೋಟೆರೋ ಎಂಬ ಉಚಿತ ತಂತ್ರಾಂಶ ಸಾಕು. 300 ಎಂಬಿ ಜಾಗವನ್ನು ಪುಕ್ಕಟೆ ಕೊಡುತ್ತದೆ. ಪಿಡಿಎಫ್‌ಗಳನ್ನು ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟು ಆಕರದ ವಿವರಗಳನ್ನು ಮಾತ್ರ ಸಿಂಕ್ ಮಾಡಿದರೆ ಆ ಜಾಗ ತುಂಬುವುದೇ ಇಲ್ಲ. ಅಡ್ಡಹೆಸರಿಲ್ಲದ ಲೇಖಕರಿಗೆ ಹೆಸರಿನ ಎರಡು ಪೆಟ್ಟಿಗೆಗಳನ್ನು ಒಂದು ಮಾಡಿಕೊಳ್ಳಿ, ಇಲ್ಲದಿದ್ದರೆ ಇನಿಷಿಯಲ್ಲೇ ಅಡ್ಡಹೆಸರಾಗಿ ಅಚ್ಚಾಗುತ್ತದೆ.

ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಅದಕ್ಕೆ ಆರು ತಿಂಗಳ ಮಿತಿ. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಉಲ್ಲೇಖಿಸಿದ ಉದ್ಧರಣ, ಗ್ರಂಥಋಣ ಈ ಲೆಕ್ಕಕ್ಕೆ ಸೇರವು. ಕನ್ನಡದವರಿಗೆ ಇಲ್ಲೊಂದು ಮೋಸದ ನೆಮ್ಮದಿ ಇದೆ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲು ಹೋಲಿಕೆ ಹುಡುಕುವ ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಹೋಲಿಕೆ ಸೊನ್ನೆ ಎಂದು ಬಂದರೆ ಅದು ಪ್ರಾಮಾಣಿಕತೆಯ ಪುರಾವೆಯಲ್ಲ. ಇಂಗ್ಲಿಷಿನಿಂದ ಅನುವಾದಿಸಿ ಹೆಸರು ಹೇಳದೆ ಬಿಟ್ಟದ್ದೂ ಕೃತಿಚೌರ್ಯವೇ, ಯಂತ್ರ ಹಿಡಿಯಲಿ ಬಿಡಲಿ. ಮೊದಲಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯ ಫೈಲನ್ನು ಪರಿವರ್ತಿಸುವುದಾದರೆ ಅದರೊಳಗಿನ ಇಂಗ್ಲಿಷ್ ಪದಗಳನ್ನು ಮೊದಲು ಬೇರೆ ಎತ್ತಿಡಿ. ಪರಿವರ್ತಕಕ್ಕೆ ಅವೂ ನುಡಿಯ ಸಂಕೇತಗಳೇ, ನಿಮ್ಮ ಇಂಗ್ಲಿಷ್ ಆಕರ ಪಟ್ಟಿ ಪೂರ್ತಿ ಕನ್ನಡದ ಗೊಂದಲವಾಗಿ ಹೊರಬರುತ್ತದೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಮೂರು:

ಚಾಟ್‌ಜಿಪಿಟಿ ಕೊಟ್ಟ ಆಕರಗಳನ್ನು ಹಾಕಬಹುದೆ?

ನೀವೇ ತೆರೆದು ನೋಡದ ಹೊರತು ಒಂದನ್ನೂ ಹಾಕಬೇಡಿ. ನಿಜವಾದ ಲೇಖಕರ ಹೆಸರು, ನಿಜವಾದ ಜರ್ನಲ್, ಇಲ್ಲದ ಲೇಖನ, ಹೀಗೆ ಕೂಡಿಸಿ ಕೊಡುವುದುಂಟು. ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಸ್ಕಾಲರ್‌ನಲ್ಲಿ ನೋಡಿ. ಡಿಓಐ, ಅಂದರೆ ಲೇಖನದ ಕಾಯಂ ಗುರುತಿನ ಸಂಖ್ಯೆ, 10ರಿಂದ ಶುರುವಾಗುತ್ತದೆ; ಅದನ್ನು ಕೊಟ್ಟಿದ್ದರೆ ಡಿಓಐ ಜಾಲತಾಣದಲ್ಲಿ ಹಾಕಿ ಅದೇ ಲೇಖನ ತೆರೆಯುತ್ತದೆಯೇ ನೋಡಿ. ಹುಡುಕುವ ಪದಗಳ ಪಟ್ಟಿ ಮಾಡಿಕೊಡು ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ, ಅದಕ್ಕೆ ಅದು ಒಳ್ಳೆಯ ನೆರವು.

ಮೂರು ದಿನದಲ್ಲಿ ಲೇಖನ ಪ್ರಕಟಿಸುತ್ತೇವೆ ಎಂದು ವಾಟ್ಸಾಪ್‌ಗೆ ಬರುತ್ತದೆ, ಐಎಸ್‌ಎಸ್‌ಎನ್ ಇದೆ, ಯುಜಿಸಿ ಕೇರ್ ಪಟ್ಟಿಯಲ್ಲಿದೆ ಎನ್ನುತ್ತಾರೆ. ನಂಬಬಹುದೆ?

ಕೇರ್ ಪಟ್ಟಿ, ಅಂದರೆ ಒಪ್ಪಿದ ಜರ್ನಲ್‌ಗಳ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ಅದರ ಹೆಸರು ಹೇಳಿ ಈಗಲೂ ದುಡ್ಡು ಕೇಳುವವರನ್ನು ದೂರವಿಡಿ. ಐಎಸ್‌ಎಸ್‌ಎನ್ ಬರೀ ಎಂಟು ಅಂಕಿಗಳ ಗುರುತಿನ ಸಂಖ್ಯೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂರು ದಿನದಲ್ಲಿ ಯಾವ ವಿದ್ವಾಂಸರೂ ಲೇಖನ ಓದಿ ಪರಿಶೀಲಿಸಿ ಅಭಿಪ್ರಾಯ ಕೊಡಲಾರರು. ಹಿಂದಿನ ಸಂಚಿಕೆ ತೆರೆದು ನಿಮ್ಮ ವಿಷಯದ ಎರಡು ಲೇಖನ ಓದಿ. ಓದಿದ ಮೇಲೆ ನಿಮಗೇ ಗೊತ್ತಾಗುತ್ತದೆ.

ಎಲ್ಲ ಕಡೆ ಹುಡುಕಿದೆ, ಲೇಖನ ದುಡ್ಡಿಗೇ ಇದೆ. ಏನು ಮಾಡಬೇಕು?

ಮೊದಲು ಬ್ರೌಸರ್‌ಗೆ ಅನ್‌ಪೇವಾಲ್ ಎಂಬ ಉಚಿತ ಸೇರ್ಪಡೆ ಹಾಕಿಕೊಳ್ಳಿ. ಕಾನೂನುಬದ್ಧ ಉಚಿತ ಪ್ರತಿ ಎಲ್ಲಾದರೂ ಇದ್ದರೆ ಹಸಿರು ಬೀಗ ತೋರಿಸುತ್ತದೆ. ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಆನ್‌ಲೈನ್‌ನಲ್ಲೇ ಓದಬಹುದು. ಅಲ್ಲೂ ಇಲ್ಲವಾದರೆ ಲೇಖಕರಿಗೇ ಮೇಲ್ ಬರೆಯಿರಿ. ಸಂಕೋಚ ಬೇಡ, ತಮ್ಮ ಲೇಖನ ಓದುವವರು ಬೇಕೆಂದೇ ಅವರು ಬರೆದಿರುತ್ತಾರೆ. ನಾಲ್ಕು ಸಾಲು ಸಾಕು: ನೀವು ಯಾವ ಕಾಲೇಜು, ಯಾವ ತರಗತಿ, ಯಾವ ವಿಷಯದ ಮೇಲೆ ಬರೆಯುತ್ತಿದ್ದೀರಿ, ಅವರ ಯಾವ ಲೇಖನ, ಯಾವ ವರ್ಷದ್ದು, ಪೂರ್ತಿ ಶೀರ್ಷಿಕೆಯೊಂದಿಗೆ, ಸಾರಾಂಶದಲ್ಲಿ ಓದಿದ ಯಾವ ಮಾತಿಗಾಗಿ ಅದು ಬೇಕು. ಕೊನೆಯ ಸಾಲು ಬಿಡಬೇಡಿ. ನೀವು ಸಾರಾಂಶವನ್ನಾದರೂ ಓದಿದ್ದೀರಿ ಎಂದು ಅವರಿಗೆ ತಿಳಿಯುವುದು ಅದರಿಂದ. ವಾರ ಕಳೆದರೂ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಅದೇ ಲೇಖನದ ಸಹಲೇಖಕರಿಗೆ ಬರೆಯಿರಿ.